ಬರೆದ ತಾರೀಖು ಬೆಳಗಾದರೆ ಬದಲಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸಾರ್, ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಅಪ್ಪ ನಡೆಸುತ್ತಾರೆ, ಲೆಕ್ಕ ನನ್ನದು. ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದೆವು. ಈ ಸಲ ಗೂಗಲ್ ಶೀಟ್ ಮಾಡಿಕೊಂಡೆ. ತಾರೀಖು, ರೈತರ ಹೆಸರು, ಕಬ್ಬಿನ ತೂಕ, ರೇಟು, ಮೊತ್ತ, ಕೊಟ್ಟಿದ್ದು, ಬಾಕಿ ಅಂತ ಕಾಲಂ ಇವೆ. ತಾರೀಖು ತಾನಾಗೇ ಬರಲಿ ಅಂತ ಟುಡೇ ಫಾರ್ಮುಲಾ ಹಾಕಿದ್ದೆ. ಈಗ ಎಲ್ಲ ಸಾಲಿನಲ್ಲೂ ಇವತ್ತಿನ ತಾರೀಖೇ ಇದೆ. ಇನ್ನೊಂದು, ಕಬ್ಬಿನ ರೇಟು ಟನ್ನಿಗೆ 3,000 ಇದ್ದದ್ದು 3,200 ಆಯಿತು. ರೇಟಿನ ಸೆಲ್‌ನಲ್ಲಿ ಬದಲಾಯಿಸಿದೆ. ಹಳೇ ಬಿಲ್ಲುಗಳೆಲ್ಲ ಏರಿಬಿಟ್ಟವು. ದುಡ್ಡು ಕೊಟ್ಟು ಮುಗಿಸಿದವರಿಗೂ ಬಾಕಿ ತೋರಿಸುತ್ತಿದೆ. ಹಳೇ ತಾರೀಖು ವಾಪಸ್ ಸಿಗುತ್ತವಾ? ಮುಂದೆ ಹೀಗಾಗದಂತೆ ಏನು ಮಾಡಬೇಕು? ಪಾಸ್‌ವರ್ಡ್ ಹಾಕಿದರೆ ಸಾಕು ಅಂತ ತಮ್ಮ ಹೇಳುತ್ತಾನೆ. ಆಡಿಟರ್‌ಗೆ ಎಕ್ಸೆಲ್ ಫೈಲ್ ಬೇರೆ ಕಳಿಸಬೇಕು.

ಉತ್ತರ: ಗಾಬರಿ ಬೇಡ ಕಣಮ್ಮ. ನಿಮ್ಮ ತಾರೀಖುಗಳು ಬಹುಪಾಲು ವಾಪಸ್ ಸಿಗುತ್ತವೆ. ನೀವು ಗೂಗಲ್ ಶೀಟ್‌ನಲ್ಲಿ ಬರೆದದ್ದೇ ಇಲ್ಲಿ ಕೈಹಿಡಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸುಮ್ನೆ ಇಟ್ಟುಕೊಂಡ ಎಕ್ಸೆಲ್ ಫೈಲ್ ಆಗಿದ್ದರೆ ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈಗಿರುವ ಶೀಟನ್ನು ಅಳಿಸಬೇಡಿ. ಅದನ್ನು ಬಿಟ್ಟು ಅದರ ಕಾಪಿಯಲ್ಲಿ ಮುಂದುವರಿಯುವುದೂ ಬೇಡ. ಕಾಪಿ ಮಾಡಿದರೆ ಅಂಕಿ ಬರುತ್ತವೆ, ಆದರೆ ಹಿಂದೆ ಯಾರು ಯಾವಾಗ ಬರೆದರು ಅನ್ನುವ ಚರಿತ್ರೆ ಬರುವುದಿಲ್ಲ. ಆ ಚರಿತ್ರೆ ಮೂಲ ಶೀಟ್‌ನಲ್ಲೇ ಇರುತ್ತದೆ. ನಮಗೆ ಈಗ ಬೇಕಾಗಿರುವುದು ಅದೇ.

ಲ್ಯಾಪ್‌ಟಾಪ್‌ನಲ್ಲಿ ಶೀಟ್ ತೆಗೆಯಿರಿ. ತಾರೀಖಿನ ಕಾಲಂ ನೋಡಿ ಪ್ರಯೋಜನವಿಲ್ಲ, ಅಲ್ಲಿ ನೀವು ಬರೆದದ್ದು ಒಂದೇ ಫಾರ್ಮುಲಾ. ತೂಕದ ಕಾಲಂಗೆ ಹೋಗಿ. ಒಂದು ತೂಕದ ಮೇಲೆ ಮೌಸ್‌ನ ಬಲಗಡೆ ಗುಂಡಿ ಒತ್ತಿ, ಬರುವ ಪಟ್ಟಿಯಲ್ಲಿ ಶೋ ಎಡಿಟ್ ಹಿಸ್ಟರಿ ಆರಿಸಿ. ಆ ತೂಕವನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ ಹಾಕಿದರು ಅಂತ ಸಣ್ಣ ಚೌಕದಲ್ಲಿ ಕಾಣಿಸುತ್ತದೆ. ಕಬ್ಬು ಬಂದ ದಿನವೇ ತೂಕ ಬರೆದಿದ್ದರೆ ಅದೇ ನಿಮ್ಮ ತಾರೀಖು. ಒಂದು ಸಾಲು ಮುಗಿಯಿತು. ಹೀಗೇ ಕೆಳಗೆ ಇಳಿಯುತ್ತಾ ಹೋಗಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಒಂದು ಸಂಜೆ ಕೂತರೆ ಆಗುತ್ತದೆ.

ನೆನಪಿರಲಿ, ಅಲ್ಲಿ ಸಿಗುವುದು ನೀವು ಶೀಟ್‌ನಲ್ಲಿ ಬರೆದ ದಿನ. ಕಬ್ಬು ಬಂದ ದಿನವೇ ಆಗಿರಬೇಕು ಅಂತೇನಿಲ್ಲ. ಭಾನುವಾರ ಕೂತು ವಾರದ ಲೆಕ್ಕವನ್ನೆಲ್ಲ ಒಟ್ಟಿಗೆ ಹಾಕಿದ್ದರೆ ಎಲ್ಲ ಸಾಲಿಗೂ ಭಾನುವಾರವೇ ಬರುತ್ತದೆ. ಅಂಥ ಕಡೆ ತೂಕದ ಚೀಟಿ ನೋಡಲೇಬೇಕು. ವೇಬ್ರಿಡ್ಜ್‌ನವರು ಕೊಡುವ ಚೀಟಿಯಲ್ಲಿ ಗಾಡಿ ನಂಬರು, ತೂಕ, ತಾರೀಖು, ಸಮಯ ಅಚ್ಚಾಗಿರುತ್ತದೆ. ಎರಡೂ ಹೊಂದದಿದ್ದರೆ ಚೀಟಿಯನ್ನೇ ನಂಬಿ. ಚೀಟಿ ಕಳೆದುಹೋಗಿದ್ದರೆ ಆ ರೈತರಿಗೆ ಫೋನ್‌ಪೇ, ಗೂಗಲ್‌ಪೇನಲ್ಲಿ ಮುಂಗಡ ಕಳಿಸಿದ ದಿನ ನೋಡಿ. ಗದ್ದೆ ಕಡಿದ ದಿನ ಅದರ ಆಸುಪಾಸಿನಲ್ಲೇ ಇರುತ್ತದೆ. ಹಾಗೆ ಅಂದಾಜಿನಿಂದ ಬರೆದ ಸಾಲಿಗೆ ಬೇರೆ ಬಣ್ಣ ಕೊಡಿ. ನಾಳೆ ಯಾರಾದರೂ ಕೇಳಿದರೆ ಯಾವುದು ಚೀಟಿ ನೋಡಿ ಬರೆದದ್ದು, ಯಾವುದು ಅಂದಾಜು ಅಂತ ನಿಮಗೇ ಗೊತ್ತಿರಬೇಕಲ್ವಾ?

ಎಕ್ಸೆಲ್‌ನಲ್ಲಿ ಇದೇ ಪೇಚಿಗೆ ಸಿಕ್ಕವರಿಗೂ ಒಂದು ಮಾತು. ಹಳೇ ಬ್ಯಾಕಪ್ ಫೈಲ್ ತೆಗೆದರೆ ಹಳೇ ತಾರೀಖು ಕಾಣುತ್ತದೆ ಅಂತ ಅಂದುಕೊಳ್ಳುತ್ತೀರಿ. ಕಾಣುವುದಿಲ್ಲ. ತೆಗೆದ ಕೂಡಲೇ ಟುಡೇ ಮತ್ತೆ ಲೆಕ್ಕ ಹಾಕಿ ಇವತ್ತಿನ ತಾರೀಖು ತೋರಿಸುತ್ತದೆ. ಮೇಲ್‌ನಲ್ಲಿ ಬಂದ ಫೈಲ್ ಪ್ರೊಟೆಕ್ಟೆಡ್ ವ್ಯೂನಲ್ಲಿ ತೆರೆದುಕೊಳ್ಳುತ್ತದೆ. ಎನೇಬಲ್ ಎಡಿಟಿಂಗ್ ಒತ್ತುವ ತನಕ ಅದು ಲೆಕ್ಕ ಹಾಕುವುದಿಲ್ಲ, ಕೊನೆಯ ಸಲ ಸೇವ್ ಮಾಡಿದಾಗ ಇದ್ದದ್ದನ್ನೇ ತೋರಿಸುತ್ತದೆ. ಆಗಲೂ ಎಲ್ಲ ಸಾಲಿನಲ್ಲಿ ಆ ಒಂದು ದಿನದ ತಾರೀಖೇ ಇರುತ್ತದೆ. ಆದರೆ ಆ ದಿನದ ಹೊತ್ತಿಗೆ ಯಾವ ಸಾಲಿನವರೆಗೆ ಬರೆದಿತ್ತು ಅಂತ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಯಾರಿಗಾದರೂ ಫೈಲ್ ಕಳಿಸುತ್ತಿದ್ದರೆ ಎರಡು ಫೈಲ್ ಪಕ್ಕಪಕ್ಕ ಇಟ್ಟುಕೊಂಡು ಯಾವ ಸಾಲು ಯಾವ ವಾರದ್ದು ಅಂತ ಹಿಡಿಯಬಹುದು.

ಇನ್ನು ಹೀಗೇಕಾಯಿತು ಅನ್ನುವುದು. ಟುಡೇ ಎನ್ನುವುದು ಗೋಡೆಯ ಮೇಲಿನ ಗಡಿಯಾರ ಇದ್ದ ಹಾಗೆ. ನೋಡಿದಾಗಲೆಲ್ಲ ಈಗಿನ ಹೊತ್ತನ್ನು ಹೇಳುತ್ತದೆ, ನಿನ್ನೆ ನೋಡಿದಾಗ ಎಷ್ಟಾಗಿತ್ತು ಅಂತ ನೆನಪಿಟ್ಟುಕೊಳ್ಳುವುದಿಲ್ಲ. ಸೆಲ್ ಒಳಗೆ ಇರುವುದು ತಾರೀಖಲ್ಲ, ‘ಇವತ್ತು ಯಾವ ದಿನ?’ ಅನ್ನುವ ಪ್ರಶ್ನೆ. ಪ್ರತಿ ಸಲವೂ ಪ್ರಶ್ನೆ ಅದೇ, ಉತ್ತರ ಬೇರೆ. ನೌ ಫಾರ್ಮುಲಾ ಕೂಡ ಇದೇ ಜಾತಿ, ಅದು ಗಂಟೆ ನಿಮಿಷವನ್ನೂ ಸೇರಿಸುತ್ತದೆ ಅಷ್ಟೆ. ರ‍್ಯಾಂಡ್, ರ‍್ಯಾಂಡ್‌ಬಿಟ್ವೀನ್ ಅಂತ ಯಾವುದೋ ಒಂದು ಅಂಕಿ ಎತ್ತಿಕೊಡುವ ಫಾರ್ಮುಲಾಗಳೂ ಹೀಗೇ. ಚೀಟಿ ಎತ್ತುವುದಕ್ಕೆ ರ‍್ಯಾಂಡ್ ಬಳಸಿ, ಮತ್ತೊಂದು ಸೆಲ್ ಮುಟ್ಟುತ್ತಲೇ ಗೆದ್ದವರ ಹೆಸರು ಬದಲಾಯಿತು ಅಂತ ಗೋಳಾಡುವವರೂ ಇದ್ದಾರೆ.

ರೇಟಿನದ್ದೂ ಇದೇ ಕತೆ. ನಿಮ್ಮ ಮೊತ್ತದ ಕಾಲಂನಲ್ಲಿ ಇರುವುದು ‘ತೂಕವನ್ನು ಆ ರೇಟಿನ ಸೆಲ್‌ನಲ್ಲಿ ಈಗ ಏನಿದೆಯೋ ಅದರಿಂದ ಗುಣಿಸು’ ಅನ್ನುವ ಅಪ್ಪಣೆ. 4.2 ಟನ್ ಹಾಕಿದ ರೈತರಿಗೆ 3,000ದ ಲೆಕ್ಕದಲ್ಲಿ 12,600 ರೂಪಾಯಿ ಕೊಟ್ಟು ಕೈ ತೊಳೆದುಕೊಂಡಿರಿ. ರೇಟು 3,200 ಮಾಡಿದ ಕೂಡಲೇ ಆ ಸಾಲಿನ ಮೊತ್ತ 13,440 ಆಯಿತು. ಬಾಕಿ 840 ಅಂತ ಎದ್ದು ನಿಂತಿತು. ಶೀಟ್ ತಪ್ಪು ಮಾಡಲಿಲ್ಲ, ಹೇಳಿದ್ದನ್ನೇ ಮಾಡಿತು. ಆ ರೈತರು ನಿಮ್ಮ ಮೊಬೈಲ್‌ನಲ್ಲಿ ಅದನ್ನು ನೋಡಿಬಿಟ್ಟರೆ ಮಾತ್ರ ಕಷ್ಟ. ‘ನೀವೇ ಬರೆದಿದ್ದೀರಲ್ಲವ್ವ’ ಅಂತಾರೆ.

ಆದ್ದರಿಂದ ಶೀಟ್‌ನ ಒಂದೊಂದು ಕಾಲಂ ಮುಂದೆಯೂ ಹೀಗೆ ಕೇಳಿಕೊಳ್ಳಿ: ಇದು ಆಗಿಹೋದದ್ದಾ, ಇಲ್ಲಾ ಈಗ ಹೇಗಿದೆ ಅಂತ ನೋಡುವುದಾ? ಕಬ್ಬು ಬಂದ ದಿನ, ತೂಕ, ಒಪ್ಪಿದ ರೇಟು, ಕೊಟ್ಟ ದುಡ್ಡು, ಕೊಟ್ಟ ದಿನ ಇವೆಲ್ಲ ಆಗಿಹೋದದ್ದು. ಇಲ್ಲಿ ಕೈಯಿಂದ ಬರೆದ ಅಂಕಿಯೇ ಇರಬೇಕು, ಫಾರ್ಮುಲಾ ಕಾಲಿಡಬಾರದು. ಇನ್ನೂ ಎಷ್ಟು ಕೊಡಬೇಕು, ಎಷ್ಟು ದಿನವಾಯಿತು ಅನ್ನುವುದು ಈಗಿನದ್ದು. ಅಲ್ಲಿ ಫಾರ್ಮುಲಾ ಇರಲಿ, ಇರಲೇಬೇಕು.

ತಾರೀಖಿಗೆ ಸುಲಭದ ದಾರಿ ಕೀಬೋರ್ಡ್‌ನಲ್ಲೇ ಇದೆ. ಸೆಲ್‌ನಲ್ಲಿ ನಿಂತು ಕಂಟ್ರೋಲ್ ಒತ್ತಿ ಹಿಡಿದು ಸೆಮಿಕೋಲನ್ ಒತ್ತಿ. ಎಲ್ ಅಕ್ಷರದ ಬಲಗಡೆ ಪಕ್ಕದಲ್ಲೇ ಇರುವ ಕೀಲಿ ಅದು. ಇವತ್ತಿನ ತಾರೀಖು ಬಂದು ಕೂರುತ್ತದೆ, ಆಮೇಲೆ ಕದಲುವುದಿಲ್ಲ. ಗಂಟೆ ಬೇಕಿದ್ದರೆ ಕಂಟ್ರೋಲ್ ಜೊತೆ ಶಿಫ್ಟ್ ಕೂಡ ಹಿಡಿದು ಅದೇ ಕೀಲಿ. ಎಕ್ಸೆಲ್‌ನಲ್ಲೂ ಗೂಗಲ್ ಶೀಟ್‌ನಲ್ಲೂ ಇವೆರಡೂ ಒಂದೇ. ಗೂಗಲ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಹಿಡಿದು ಅದೇ ಕೀಲಿ ಒತ್ತಿದರೆ ತಾರೀಖು, ಗಂಟೆ ಒಂದೇ ಸೆಲ್‌ಗೆ ಬರುತ್ತವೆ. ಕೀಬೋರ್ಡ್ ಕನ್ನಡದಲ್ಲಿದ್ದರೆ ಇಂಗ್ಲಿಷ್‌ಗೆ ತಿರುಗಿಸಿಕೊಂಡು ಒತ್ತಿ.

ಆದರೆ ಆಲೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾರು ಕೂರುತ್ತಾರೆ? ಕೊಪ್ಪರಿಗೆಯ ಹೊಗೆ, ಸಿಪ್ಪೆಯ ದೂಳು, ಕೈಯೆಲ್ಲ ಅಂಟು. ಗಾಡಿ ಬಂದಾಗ ಕೈಯಲ್ಲಿರುವುದು ಮೊಬೈಲ್. ಮೊಬೈಲ್‌ನಲ್ಲಿ ಈ ಕೀಲಿಗಳ ಆಟ ನಡೆಯುವುದಿಲ್ಲ. ನಿಮ್ಮಂಥವರಿಗೆ ನಾನು ಹೇಳುವುದು ಗೂಗಲ್ ಫಾರಂ. ರೈತರ ಹೆಸರು, ಗಾಡಿ ನಂಬರು, ತೂಕ, ಒಪ್ಪಿದ ರೇಟು, ಹೀಗೆ ನಾಲ್ಕು ಪ್ರಶ್ನೆಯ ಫಾರಂ ಮಾಡಿ. ಹೆಸರು ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸುವ ಹಾಗಿರಲಿ. ಅದನ್ನು ಶೀಟ್‌ಗೆ ಜೋಡಿಸಿ. ಲಿಂಕನ್ನು ಅಪ್ಪನ ಮೊಬೈಲ್‌ನ ಮುಖಪುಟದಲ್ಲಿ ಇಟ್ಟುಬಿಡಿ. ಸಬ್ಮಿಟ್ ಒತ್ತಿದ ಪ್ರತಿ ಸಲವೂ ಶೀಟ್‌ನಲ್ಲಿ ಹೊಸ ಸಾಲು ಬರುತ್ತದೆ. ಮೊದಲ ಕಾಲಂನಲ್ಲಿ ತಾರೀಖು, ಗಂಟೆ, ನಿಮಿಷ, ಸೆಕೆಂಡ್ ಸಮೇತ ಟೈಮ್‌ಸ್ಟಾಂಪ್ ಬಿದ್ದಿರುತ್ತದೆ. ಅದರಲ್ಲಿ ಫಾರ್ಮುಲಾ ಇಲ್ಲ. ನಾಳೆಯೂ ಅದೇ, ಮುಂದಿನ ವರ್ಷವೂ ಅದೇ. ಅಪ್ಪನಿಗೆ ಶೀಟ್ ತೆಗೆಯುವ ಕೆಲಸವೇ ಇರುವುದಿಲ್ಲವಾದ್ದರಿಂದ ಬೆರಳು ತಾಗಿ ಹಳೆಯದು ಅಳಿಯುವ ಭಯವೂ ಇಲ್ಲ.

ಇದರಲ್ಲಿ ಒಂದೇ ಒಂದು ನೋಡಿಕೊಳ್ಳಬೇಕು, ಟೈಮ್ ಝೋನ್. ಶೀಟ್‌ನಲ್ಲಿ ಫೈಲ್, ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ಅಲ್ಲಿ ಕಲ್ಕತ್ತಾ ಅಥವಾ ಕೋಲ್ಕತ್ತಾ, ಗ್ರೀನ್‌ವಿಚ್‌ಗೆ ಐದೂವರೆ ಗಂಟೆ ಮುಂದೆ ಅಂತ ಇರಬೇಕು. ಎಷ್ಟೋ ಶೀಟ್‌ಗಳಲ್ಲಿ ಅಮೆರಿಕದ ಸಮಯ ಉಳಿದುಬಿಟ್ಟಿರುತ್ತದೆ. ನಿಮ್ಮಲ್ಲಿ ಬೆಳಗ್ಗೆ ಆರಕ್ಕೆ ಗಾಣ ಶುರುವಾದಾಗ ಅಮೆರಿಕದಲ್ಲಿ ಇನ್ನೂ ಹಿಂದಿನ ದಿನದ ಸಂಜೆ. ಸೋಮವಾರದ ಕಬ್ಬು ಭಾನುವಾರದ ಲೆಕ್ಕಕ್ಕೆ ಹೋಗಿ ಕೂರುತ್ತದೆ. ಅದೇ ಜಾಗದಲ್ಲಿ ಲೊಕೇಲ್ ಅಂತ ಇನ್ನೊಂದಿದೆ, ಯಾವ ದೇಶದ ಪದ್ಧತಿಯಲ್ಲಿ ತಾರೀಖು ಓದಬೇಕು ಅಂತ ಶೀಟ್‌ಗೆ ಹೇಳುವುದು. ಅದು ಇಂಡಿಯಾ ಆಗಿರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಫಾರಂ ಬೇಡ, ಶೀಟ್‌ನಲ್ಲೇ ತೂಕ ಹಾಕಿದ ಕೂಡಲೇ ಪಕ್ಕದಲ್ಲಿ ತಾರೀಖು ಬರಬೇಕು ಅನ್ನುವವರಿಗೆ ಸಣ್ಣ ಸ್ಕ್ರಿಪ್ಟ್ ಇದೆ. ಎಕ್ಸ್‌ಟೆನ್ಷನ್ಸ್ ಮೆನುವಿನಲ್ಲಿ ಆ್ಯಪ್ಸ್ ಸ್ಕ್ರಿಪ್ಟ್ ತೆಗೆದು ಆನ್‌ಎಡಿಟ್ ಎಂಬ ಹೆಸರಿನಲ್ಲಿ ಬರೆಯುವಂಥದ್ದು. ಶೀಟ್‌ನಲ್ಲಿ ಯಾರಾದರೂ ಕೈಯಿಂದ ಏನಾದರೂ ಬರೆದಾಗ ತಾನಾಗೇ ಓಡುತ್ತದೆ. ಸ್ಕ್ರಿಪ್ಟ್ ಗೊತ್ತಿರುವವರ ಕೈಯಲ್ಲಿ ಬರೆಸಿ. ಬರೆಸುವಾಗ ಮೂರು ಷರತ್ತು ಕೇಳಿ ಪಡೆಯಿರಿ. ಬರೆದದ್ದು ಕಬ್ಬಿನ ಹಾಳೆಯಲ್ಲೇ ಆಗಿರಬೇಕು, ತೂಕದ ಕಾಲಂನಲ್ಲೇ ಆಗಿರಬೇಕು, ತಾರೀಖಿನ ಸೆಲ್ ಖಾಲಿ ಇರಬೇಕು. ಮೂರನೆಯದನ್ನೇ ಜನ ಬಿಟ್ಟುಬಿಡುತ್ತಾರೆ. ಬಿಟ್ಟರೆ ಏನಾಗುತ್ತದೆ ಗೊತ್ತಾ? ಹದಿನೈದು ದಿನದ ಮೇಲೆ 4.2 ಅನ್ನು 4.25 ಅಂತ ತಿದ್ದಿದರೆ ತಾರೀಖು ತಿದ್ದಿದ ದಿನಕ್ಕೆ ಹಾರುತ್ತದೆ. ಟುಡೇ ಕಾಟ ತಪ್ಪಿಸಲು ಹೋಗಿ ಇನ್ನೊಂದು ಕಾಟ ತಂದುಕೊಂಡ ಹಾಗೆ. ಇನ್ನೂ ಒಂದು ಕೊರತೆ ಇದೆ. ಹತ್ತು ಸಾಲನ್ನು ಒಟ್ಟಿಗೆ ಪೇಸ್ಟ್ ಮಾಡಿದರೆ ಸರಳವಾಗಿ ಬರೆದ ಸ್ಕ್ರಿಪ್ಟ್ ಮೊದಲ ಸಾಲಿಗೆ ಮಾತ್ರ ತಾರೀಖು ಹಾಕಿ ಸುಮ್ಮನಾಗುತ್ತದೆ.

ಎಕ್ಸೆಲ್‌ನಲ್ಲಿ ಇದೇ ಕೆಲಸಕ್ಕೆ ಮ್ಯಾಕ್ರೋ ಇದೆ, ಅದೂ ಫೈಲ್ ಒಳಗೆ ಬರೆದಿಡುವ ಸಣ್ಣ ಪ್ರೋಗ್ರಾಂ. ನಾನು ಊರಿನ ಅಂಗಡಿ, ಆಲೆಮನೆ ಲೆಕ್ಕಕ್ಕೆ ಮ್ಯಾಕ್ರೋ ಹೇಳುವುದು ಕಮ್ಮಿ. ಅದು ಮೊಬೈಲ್‌ನಲ್ಲಿ ಓಡುವುದಿಲ್ಲ. ಒಂದು ಸಲ ಓಡಿದರೆ ಅದಕ್ಕೆ ಮುಂಚಿನ ಅನ್‌ಡೂ ಅಳಿಸಿಹೋಗುತ್ತದೆ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಫೈಲ್‌ಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಡೆಯುತ್ತಿದೆ, ಆದ್ದರಿಂದ ಆಡಿಟರ್ ಕಚೇರಿಯಲ್ಲಿ ಕೆಂಪು ಪಟ್ಟಿ ಕಾಣಿಸಿ ಅವರು ನಿಮಗೇ ಫೋನ್ ಮಾಡುತ್ತಾರೆ. ಇನ್ನು ಯೂಟ್ಯೂಬ್‌ನಲ್ಲಿ ಜಾಸ್ತಿ ಓಡಾಡುವ ಉಪಾಯ ಒಂದಿದೆ. ಸೆಲ್ ತನ್ನನ್ನೇ ನೋಡಿಕೊಳ್ಳುವ ಫಾರ್ಮುಲಾ ಬರೆದು, ಆಪ್ಷನ್ಸ್‌ನಲ್ಲಿ ಇಟರೇಟಿವ್ ಕ್ಯಾಲ್ಕುಲೇಷನ್ ಆನ್ ಮಾಡುವುದು. ಮ್ಯಾಕ್ರೋ ಇಲ್ಲದೆ ತಾರೀಖು ನಿಲ್ಲುತ್ತದೆ, ಸರಿ. ಆದರೆ ಎಕ್ಸೆಲ್ ಆ ಸೆಟ್ಟಿಂಗ್ ಅನ್ನು ಮೊದಲು ತೆರೆದ ಫೈಲ್‌ನಿಂದ ಎತ್ತಿಕೊಳ್ಳುತ್ತದೆ. ಬೇರೊಂದು ಫೈಲ್ ತೆಗೆದು ಆಮೇಲೆ ಇದನ್ನು ತೆಗೆದರೆ ಸರ್ಕ್ಯುಲರ್ ರೆಫರೆನ್ಸ್ ಅಂತ ಎಚ್ಚರಿಕೆ ಬರುತ್ತದೆ. ಫಾರ್ಮುಲಾವನ್ನು ಮೇಲಿಂದ ಮತ್ತೊಮ್ಮೆ ಎಳೆದರೆ ಹಿಡಿದಿಟ್ಟ ತಾರೀಖೆಲ್ಲ ಹೋಗುತ್ತದೆ. ದುಡ್ಡಿನ ಲೆಕ್ಕಕ್ಕೆ ಇದನ್ನು ಬಳಸಲೇಬೇಡಿ.

ಈಗ ರೇಟು. ಇದಕ್ಕೆ ಎರಡು ದಾರಿ. ರೈತರಿಂದ ರೈತರಿಗೆ ರೇಟು ಬೇರೆ ಆಗುವುದಿದ್ದರೆ, ಕಬ್ಬಿನ ತಳಿ, ಸಾಗಣೆ ಯಾರದ್ದು, ಮುಂಗಡ ತೆಗೆದುಕೊಂಡಿದ್ದಾರಾ ಅಂತೆಲ್ಲ ನೋಡಿ ಮಾತಾಡುವುದಿದ್ದರೆ, ರೇಟನ್ನು ಪ್ರತಿ ಸಾಲಿನಲ್ಲೂ ಕೈಯಿಂದ ಬರೆಯಿರಿ. ಆಲೆಮನೆಗಳಲ್ಲಿ ಸಾಮಾನ್ಯವಾಗಿ ಹೀಗೇ ನಡೆಯುತ್ತದೆ, ಅದಕ್ಕೇ ಫಾರಂನಲ್ಲಿ ಒಪ್ಪಿದ ರೇಟಿಗೆ ಒಂದು ಪ್ರಶ್ನೆ ಇಡಿ ಅಂದದ್ದು. ಮೊತ್ತ ಅಂದರೆ ಅದೇ ಸಾಲಿನ ತೂಕ ಗುಣಿಸು ಅದೇ ಸಾಲಿನ ರೇಟು. ಆ ಫಾರ್ಮುಲಾ ಇರಲಿ, ತೊಂದರೆಯಿಲ್ಲ. ಅದು ನೋಡುವ ಎರಡೂ ಅಂಕಿ ಕದಲದಿದ್ದರೆ ಅದೂ ಕದಲುವುದಿಲ್ಲ.

ಎಲ್ಲರಿಗೂ ಒಂದೇ ರೇಟು, ಆಗಾಗ ಬದಲಾಗುತ್ತದೆ ಅಂತಾದರೆ ಬೇರೆ ಹಾಳೆಯಲ್ಲಿ ರೇಟಿನ ಪಟ್ಟಿ ಮಾಡಿ. ಮೊದಲ ಕಾಲಂನಲ್ಲಿ ಯಾವತ್ತಿನಿಂದ, ಎರಡನೆಯದರಲ್ಲಿ ಎಷ್ಟು. ನವೆಂಬರ್ 1ರಿಂದ 3,000. ಅದರ ಕೆಳಗೆ ಡಿಸೆಂಬರ್ 15ರಿಂದ 3,200. ಹಳೆಯದನ್ನು ಅಳಿಸಿ ಹೊಸದು ಬರೆಯಬಾರದು, ಕೆಳಗೆ ಸೇರಿಸುತ್ತಾ ಹೋಗಬೇಕು. ಕಬ್ಬಿನ ಹಾಳೆಯಲ್ಲಿ ವಿಲುಕಪ್ (ಪಟ್ಟಿಯಲ್ಲಿ ಹುಡುಕಿ ಪಕ್ಕದ ಅಂಕಿ ತರುವ ಫಾರ್ಮುಲಾ) ಹಾಕಿ, ಕಬ್ಬು ಬಂದ ತಾರೀಖನ್ನು ಆ ಪಟ್ಟಿಯಲ್ಲಿ ಹುಡುಕಿಸಿ. ಕೊನೆಯ ಜಾಗದಲ್ಲಿ ಟ್ರೂ ಅಂತ ಕೊಡಿ. ಆಗ ಅದು ಆ ತಾರೀಖಿನಷ್ಟೇ ಅಥವಾ ಅದಕ್ಕೆ ಹಿಂದಿನ ಕೊನೆಯ ಸಾಲನ್ನು ಹಿಡಿಯುತ್ತದೆ. ಡಿಸೆಂಬರ್ 14ರ ಗಾಡಿಗೆ 3,000, ಮಾರನೆಯ ದಿನದ ಗಾಡಿಗೆ 3,200. ಪಟ್ಟಿ ತಾರೀಖಿನ ಪ್ರಕಾರ ಮೇಲಿಂದ ಕೆಳಕ್ಕೆ ಸರಿಯಾಗಿ ಜೋಡಿಸಿರಬೇಕು, ಇಲ್ಲದಿದ್ದರೆ ತಪ್ಪು ರೇಟು ಬಂದರೂ ಅದು ಬಾಯಿ ಬಿಡುವುದಿಲ್ಲ.

ಸರ್ಕಾರ ಸಕ್ಕರೆ ಕಾರ್ಖಾನೆಗಳಿಗೆ ನಿಗದಿ ಮಾಡುವ ಎಫ್‌ಆರ್‌ಪಿ, ಅಂದರೆ ರೈತರ ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆ ನೋಡಿದರೂ ಇಂಥ ಪಟ್ಟಿ ಯಾಕೆ ಬೇಕು ಅಂತ ಗೊತ್ತಾಗುತ್ತದೆ. ಶೇಕಡ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 2023-24ರಲ್ಲಿ 315 ರೂಪಾಯಿ, 2024-25ರಲ್ಲಿ 340, 2025-26ರಲ್ಲಿ 355. ಮಂಡ್ಯದ ಕಡೆ ಕಾರ್ಖಾನೆಗೆ ಕಬ್ಬು ಹಾಕುವ ರೈತರ ಮಕ್ಕಳು ಮೊಬೈಲ್‌ನಲ್ಲಿ ಲೆಕ್ಕ ಇಡುವುದು ಈಗ ಜಾಸ್ತಿ. ಒಂದೇ ಸೆಲ್‌ನಲ್ಲಿ 340 ತೆಗೆದು 355 ಹಾಕಿದರೆ ಮೂರು ವರ್ಷದ ಕಬ್ಬಿಗೂ 355 ಬಂದುಬಿಡುತ್ತದೆ. ತಾರೀಖು ಹಾಕಿದ ಪಟ್ಟಿ ಇದ್ದರೆ ವರ್ಷಕ್ಕೊಂದು ಸಾಲು ಸೇರಿಸಿದರಾಯಿತು.

ಹಳೇ ಬಿಲ್ಲುಗಳನ್ನು ಸರಿಮಾಡುವುದು ಹೇಗೆ? ರೇಟಿನ ಸೆಲ್‌ಗೆ ವಾಪಸ್ 3,000 ಹಾಕಿ. ಮೊತ್ತಗಳೆಲ್ಲ ಹಳೆಯದಕ್ಕೆ ಇಳಿಯುತ್ತವೆ. ರೇಟು ಏರುವ ಮುಂಚೆ ಬಂದ ಸಾಲುಗಳ ಮೊತ್ತವನ್ನಷ್ಟೇ ಆರಿಸಿ ಕಾಪಿ ಮಾಡಿ. ಅದೇ ಜಾಗದಲ್ಲಿ ಕಂಟ್ರೋಲ್, ಶಿಫ್ಟ್, ವಿ ಒತ್ತಿ. ಫಾರ್ಮುಲಾ ಹೋಗಿ ಅಂಕಿ ಉಳಿಯುತ್ತದೆ. ಶೀಟ್‌ನ ಮೇಲ್ಗಡೆ ಫಾರ್ಮುಲಾ ಕಾಣಿಸುವ ಪಟ್ಟಿಯಲ್ಲಿ 12600 ಅಂತ ಮಾತ್ರ ಕಂಡರೆ ಸರಿ, ಈಕ್ವಲ್ ಚಿಹ್ನೆ ಕಂಡರೆ ಇನ್ನೂ ಆಗಿಲ್ಲ ಅಂತ ಅರ್ಥ. ಆಮೇಲೆ ರೇಟು 3,200 ಮಾಡಿ. ಹಳೆಯ ಎಕ್ಸೆಲ್‌ನಲ್ಲಿ ಈ ಕೀಲಿಗಳು ಕೆಲಸ ಮಾಡದಿದ್ದರೆ ಕಂಟ್ರೋಲ್, ಆಲ್ಟ್, ವಿ ಒತ್ತಿ, ಬರುವ ಕಿಟಕಿಯಲ್ಲಿ ವ್ಯಾಲ್ಯೂಸ್ ಆರಿಸಿ. ಎಕ್ಸೆಲ್‌ನಲ್ಲಿ ಒಂದೇ ಒಂದು ಸೆಲ್ ಆದರೆ ಇನ್ನೂ ಸುಲಭ. ಎಫ್2, ಎಫ್9, ಎಂಟರ್.

ಎಫ್9 ಒತ್ತಿದಾಗ ತಾರೀಖಿನ ಜಾಗದಲ್ಲಿ 45671 ಥರದ ಅಂಕಿ ಕಂಡರೆ ಹೆದರಬೇಡಿ. ಎಕ್ಸೆಲ್ ತಾರೀಖನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಅದಕ್ಕೆ ಒಂದನೇ ದಿನ. 2025ರ ಜನವರಿ 14, ಅಂದರೆ ಆ ವರ್ಷದ ಸಂಕ್ರಾಂತಿ, 45671. ಎಂಟರ್ ಒತ್ತಿದ ಮೇಲೆ ಮತ್ತೆ ತಾರೀಖಾಗಿಯೇ ಕಾಣುತ್ತದೆ.

ಟುಡೇಯನ್ನು ಪೂರ್ತಿ ಓಡಿಸಿಬಿಡಬೇಡಿ. ಅದಕ್ಕೆ ತಕ್ಕ ಜಾಗ ಇದೆ. ಕಬ್ಬು ಬಂದು ಎಷ್ಟು ದಿನವಾಯಿತು ಅಂತ ನೋಡಲು ಟುಡೇಯಿಂದ ಬಂದ ತಾರೀಖು ಕಳೆಯಬೇಕು, ಅದು ದಿನವೂ ಬದಲಾಗುವುದೇ ಸರಿ. ಆದರೆ ದುಡ್ಡು ಕೊಟ್ಟ ದಿನಕ್ಕೆ ಆ ಎಣಿಕೆ ನಿಲ್ಲಬೇಕು. ಇಫ್ ಬಳಸಿ ಹೀಗೆ ಹೇಳಿ: ಕೊಟ್ಟ ತಾರೀಖು ಖಾಲಿ ಇದ್ದರೆ ಟುಡೇಯಿಂದ ಬಂದ ತಾರೀಖು ಕಳೆ, ಬರೆದಿದ್ದರೆ ಕೊಟ್ಟ ತಾರೀಖಿನಿಂದ ಬಂದ ತಾರೀಖು ಕಳೆ. ಕಾರ್ಖಾನೆಗೆ ಕಬ್ಬು ಹಾಕುವವರಿಗಂತೂ ಇದು ಬೇಕೇ ಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ಪಡೆದ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಸೇರಿಸಬೇಕು. ಒಂದು ಲಕ್ಷ ರೂಪಾಯಿಗೆ ದಿನಕ್ಕೆ ಸುಮಾರು 41 ರೂಪಾಯಿ ಆಗುತ್ತದೆ. ಕಬ್ಬು ಹಾಕಿದ ತಾರೀಖೇ ದಿನಾ ಮುಂದಕ್ಕೆ ಓಡುತ್ತಿದ್ದರೆ ಎಷ್ಟು ದಿನವಾಯಿತು ಅಂತ ಕೇಳಿದಾಗಲೆಲ್ಲ ಸೊನ್ನೆ ಬರುತ್ತದೆ. ಬಡ್ಡಿಯೂ ಸೊನ್ನೆ. ಆಲೆಮನೆಗೆ ಆ ಆದೇಶ ಹೊಂದುವುದಿಲ್ಲ, ನಿಮ್ಮಲ್ಲಿ ಬಾಯಿಮಾತಿನ ವಾಯಿದೆ. ಆದರೂ ಯಾರ ದುಡ್ಡು ಎಷ್ಟು ದಿನದಿಂದ ನಿಂತಿದೆ ಅಂತ ಬಟವಾಡೆಯ ದಿನ ಬೆಳಗ್ಗೆ ಒಮ್ಮೆ ನೋಡುವುದು ಒಳ್ಳೆಯದಲ್ವಾ?

ಫಾರ್ಮುಲಾ ಇಲ್ಲದಿದ್ದರೂ ಅಂಕಿಗಳು ಕೆಡುವ ದಾರಿ ಇನ್ನೂ ಇವೆ. ಒಂದು, ಸಾರ್ಟ್. ಹೆಸರಿನ ಕಾಲಂ ಒಂದನ್ನೇ ಆರಿಸಿ ಅಕಾರಾದಿಯಾಗಿ ಜೋಡಿಸಿದರೆ ಹೆಸರುಗಳು ಮಾತ್ರ ಕದಲುತ್ತವೆ, ತಾರೀಖು ತೂಕ ನಿಂತಲ್ಲೇ ನಿಲ್ಲುತ್ತವೆ. ಒಬ್ಬರ ಕಬ್ಬು ಇನ್ನೊಬ್ಬರ ಹೆಸರಿಗೆ. ಎಕ್ಸೆಲ್ ಇಂಥ ಕಡೆ ಪಕ್ಕದ ಕಾಲಂಗಳನ್ನೂ ಸೇರಿಸಲಾ ಅಂತ ಕೇಳುತ್ತದೆ, ಓದದೆ ಒತ್ತಬೇಡಿ. ಇದಕ್ಕೆಂದೇ ಮೊದಲ ಕಾಲಂನಲ್ಲಿ ಕ್ರಮಸಂಖ್ಯೆ ಬರೆದಿಡಿ. ಇನ್ನೊಂದು, ಎಳೆಯುವುದು. ತಾರೀಖಿನ ಸೆಲ್‌ನ ಮೂಲೆ ಹಿಡಿದು ಕೆಳಗೆ ಎಳೆದರೆ 5, 6, 7 ಅಂತ ದಿನ ಏರುತ್ತಾ ಹೋಗುತ್ತದೆ. ಒಂದೇ ದಿನ ನಾಲ್ಕು ಗಾಡಿ ಬಂದಿದ್ದರೆ ಎಕ್ಸೆಲ್‌ನಲ್ಲಿ ಕಂಟ್ರೋಲ್ ಹಿಡಿದು ಎಳೆಯಿರಿ, ಆಗ ಅದೇ ತಾರೀಖು ಇಳಿಯುತ್ತದೆ.

ಮೂರನೆಯದು, ಲೊಕೇಲ್. ಶೀಟ್ ಅಮೆರಿಕದ ಲೊಕೇಲ್‌ನಲ್ಲಿದ್ದರೆ 05/12/2025 ಅಂತ ನೀವು ಬರೆದ ಡಿಸೆಂಬರ್ 5 ಅದಕ್ಕೆ ಮೇ 12. 13/12/2025 ಅಂತ ಬರೆದರೆ ಹದಿಮೂರನೇ ತಿಂಗಳು ಇಲ್ಲವಾದ್ದರಿಂದ ಅದನ್ನು ಬರೀ ಅಕ್ಷರ ಅಂತ ಇಟ್ಟುಕೊಳ್ಳುತ್ತದೆ. ಹನ್ನೆರಡರ ತನಕದ ದಿನಗಳು ಒಂದು ಥರ, ಆಮೇಲಿನವು ಇನ್ನೊಂದು ಥರ. ನಿಜವಾದ ತಾರೀಖು ಸೆಲ್‌ನ ಬಲಕ್ಕೆ ಒತ್ತಿಕೊಂಡಿರುತ್ತದೆ, ಅಕ್ಷರವಾದದ್ದು ಎಡಕ್ಕೆ. ಕಾಲಂ ಒಮ್ಮೆ ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಸಾಕು, ಗೊತ್ತಾಗಿಬಿಡುತ್ತದೆ. ಈಗ ಹಳೇ ತಾರೀಖುಗಳನ್ನು ಕೈಯಿಂದ ತುಂಬುವಾಗ ವರ್ಷ ಮೊದಲು, ತಿಂಗಳು, ಆಮೇಲೆ ದಿನ ಅಂತ 2025-12-05 ಎಂದು ಬರೆಯಿರಿ. ಯಾವ ಲೊಕೇಲ್ ಇದ್ದರೂ ಅದು ಡಿಸೆಂಬರ್ 5 ಅಂತಲೇ ತಿಳಿಯುತ್ತದೆ.

ನಿಮ್ಮ ತಮ್ಮನ ಪಾಸ್‌ವರ್ಡ್ ವಿಷಯ. ಪಾಸ್‌ವರ್ಡ್ ಹಾಕಿ ಬೀಗ ಜಡಿದರೂ ಒಳಗಿರುವ ಟುಡೇ ಬೆಳಗಾದರೆ ಬದಲಾಗಿಯೇ ಆಗುತ್ತದೆ. ಬೀಗ ತಡೆಯುವುದು ಮನುಷ್ಯರ ಕೈಯನ್ನು, ಫಾರ್ಮುಲಾವನ್ನಲ್ಲ. ಮೊದಲು ಅಂಕಿಗಳನ್ನು ಗಟ್ಟಿ ಮಾಡಿ, ಆಮೇಲೆ ಬೀಗ. ಗೂಗಲ್‌ನಲ್ಲಿ ಡೇಟಾ ಮೆನುವಿನ ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್‌ನಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಯಾರು ತಿದ್ದಬಹುದು ಅಂತ ಹೆಸರು ಕೊಡಬೇಕು. ಮುಗಿದ ತಿಂಗಳ ಸಾಲುಗಳಿಗೆ ಹಾಕಿ. ಶೀಟ್ ನಿಮ್ಮದಾದ್ದರಿಂದ ನಿಮ್ಮ ಕೈಯನ್ನು ಅದು ಕಟ್ಟುವುದಿಲ್ಲ. ನಿಮಗೂ ಎಚ್ಚರಿಕೆ ಬೇಕಿದ್ದರೆ ತಿದ್ದುವ ಮುಂಚೆ ಕೇಳುವ ಆಯ್ಕೆ ಅಲ್ಲೇ ಇದೆ. ಎಕ್ಸೆಲ್‌ನಲ್ಲಿ ಕ್ರಮ ತಿರುಗಾಮುರುಗಾ. ಅಲ್ಲಿ ಎಲ್ಲ ಸೆಲ್‌ಗೂ ಲಾಕ್ಡ್ ಅಂತ ಮೊದಲೇ ಬರೆದಿರುತ್ತದೆ, ರಿವ್ಯೂನಲ್ಲಿ ಪ್ರೊಟೆಕ್ಟ್ ಶೀಟ್ ಒತ್ತಿದಾಗ ಜಾರಿಗೆ ಬರುತ್ತದೆ. ಹಾಗಾಗಿ ಮುಂದೆ ಬರೆಯಬೇಕಾದ ಸೆಲ್‌ಗಳನ್ನು ಆರಿಸಿ, ಫಾರ್ಮ್ಯಾಟ್ ಸೆಲ್ಸ್‌ನ ಪ್ರೊಟೆಕ್ಷನ್‌ನಲ್ಲಿ ಲಾಕ್ಡ್ ಗುರುತು ತೆಗೆದು, ಆಮೇಲೆ ಬೀಗ ಹಾಕಬೇಕು. ಆ ಪಾಸ್‌ವರ್ಡ್ ಬೆರಳು ಜಾರದಂತೆ ಕಾಯುತ್ತದೆ, ಹಟ ಹಿಡಿದವರಿಗೆ ಅದನ್ನು ದಾಟುವುದು ಕಷ್ಟವೇನಲ್ಲ.

ಆಡಿಟರ್‌ಗೆ ಕಳಿಸುವಾಗ ಈಗಿನ ಶೀಟನ್ನು ಹಾಗೇ ಎಕ್ಸೆಲ್ ಮಾಡಿ ಕಳಿಸಬೇಡಿ. ಫಾರ್ಮುಲಾಗಳೂ ಜೊತೆಗೇ ಹೋಗುತ್ತವೆ, ಅವರು ತೆಗೆದ ದಿನವೇ ನಿಮ್ಮ ಕಬ್ಬು ಬಂದ ದಿನ ಆಗುತ್ತದೆ. ತಾರೀಖುಗಳನ್ನೆಲ್ಲ ತುಂಬಿ ಮುಗಿಸಿದ ಮೇಲೆ ಒಂದು ಕಾಪಿ ಮಾಡಿ. ಆ ಕಾಪಿಯಲ್ಲಿ ಪೂರ್ತಿ ಹಾಳೆ ಆರಿಸಿ ವ್ಯಾಲ್ಯೂಸ್ ಮಾತ್ರ ಪೇಸ್ಟ್ ಮಾಡಿ, ಅದನ್ನು ಎಕ್ಸೆಲ್ ಆಗಿ ಇಳಿಸಿಕೊಳ್ಳಿ. ಜೊತೆಗೆ ಪಿಡಿಎಫ್ ಕೂಡ ಕಳಿಸಿ. ನಿಮ್ಮ ಹತ್ತಿರವೂ ಆ ಪಿಡಿಎಫ್‌ನ ಒಂದು ಪ್ರಿಂಟ್ ಇರಲಿ, ತೂಕದ ಚೀಟಿಗಳನ್ನು ಅದಕ್ಕೇ ಪಿನ್ ಹೊಡೆದಿಡಿ. ಬಣ್ಣ ಕೊಟ್ಟ ಅಂದಾಜಿನ ಸಾಲುಗಳು ಯಾವುವು ಅಂತ ಆಡಿಟರ್‌ಗೆ ಫೋನ್‌ನಲ್ಲಿ ಮೊದಲೇ ಹೇಳಿಬಿಡಿ, ಅವರು ಕೇಳುವ ತನಕ ಕಾಯಬೇಡಿ.